ನಿಲ್ಲಿಸುವ ದಿನ ಗೊತ್ತುಮಾಡುವವರು

ನಿನ್ನೆ ಸಂಜೆಯಿಂದ ಮನಸ್ಸು ಕುದಿಯುತ್ತಿದೆ. ಬರೆಯದೇ ಹೋದರೆ ಈ ರಾತ್ರಿಯೂ ನಿದ್ದೆ ಬರುವುದಿಲ್ಲ.

ಕಾರವಾರದಲ್ಲಿ ಮಕ್ಕಳಿಗಾಗಿ ನಡೆದ ವಿಜ್ಞಾನ ಕಾರ್ಯಕ್ರಮಕ್ಕೆ ನಮ್ಮ ಕಾಲೇಜಿನ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದೆ. ಮುಖ್ಯ ಅತಿಥಿಗಳು ಓದಿಕೊಂಡವರು, ಒಳ್ಳೆಯ ಮಾತುಗಾರರು. ಕೈಗಾ ಅಣುವಿದ್ಯುತ್ ಸ್ಥಾವರದಿಂದ ಶುರು ಮಾಡಿದರು. ಒಂದನೇ ಘಟಕ 962 ದಿನ ಎಡೆಬಿಡದೆ ಓಡಿ ವಿಶ್ವದಾಖಲೆ ಮಾಡಿದ್ದನ್ನು ಹೇಳಿದಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ಅಲ್ಲಿಂದ ಅವರು ನೇರವಾಗಿ ಜಿನೀವಾದ ದೊಡ್ಡ ಕಣ ವೇಗವರ್ಧಕಕ್ಕೆ ಹಾರಿದರು. "ಅಲ್ಲಿ ಸಾವಿರಾರು ಕೋಟಿ ಸುರಿದು ಕಟ್ಟಿದ ಯಂತ್ರ ಪ್ರತಿ ಚಳಿಗಾಲ ಬಾಗಿಲು ಹಾಕುತ್ತದೆ. ಸಾಲದ್ದಕ್ಕೆ ಈಗ ನಾಲ್ಕು ವರ್ಷ ಮುಚ್ಚುತ್ತಾರಂತೆ. ವಿಜ್ಞಾನಿಗಳಿಗೂ ರಜೆ ಬೇಕಲ್ಲ!" ಮಕ್ಕಳು ನಕ್ಕರು. ನನಗೆ ಸಿಟ್ಟು ಬಂದದ್ದು ಆ ನಗುವಿನಿಂದ. ಮಕ್ಕಳ ಮೇಲಲ್ಲ, ಅವರನ್ನು ಹಾಗೆ ನಗಿಸಿದ ಮಾತಿನ ಮೇಲೆ.

ಮೊದಲು ಕೈಗಾದ ಮಾತು ಮುಗಿಸುತ್ತೇನೆ, ಅದು ನಮ್ಮ ಜಿಲ್ಲೆಯದು. 2016ರ ಮೇ 13ರಂದು ಶುರುವಾದ ಆ ಓಟ 2018ರ ಡಿಸೆಂಬರ್ 31ರಂದು ನಿಂತಿತು. ಕೆಟ್ಟು ನಿಂತದ್ದಲ್ಲ, ನಿರ್ವಹಣೆಗೆಂದು ನಿಲ್ಲಿಸಿದರು. ನಮ್ಮಲ್ಲಿ 962 ಎಂಬ ಸಂಖ್ಯೆ ಎಲ್ಲರಿಗೂ ಬಾಯಿಪಾಠ. ಅದರ ಮರುದಿನದಿಂದ ಒಳಗೆ ನಡೆದ ಕೆಲಸದ ಬಗ್ಗೆ ಯಾರೂ ಒಂದು ಸಾಲು ಹೇಳುವುದಿಲ್ಲ. ಕೈಗಾದಲ್ಲಿ ದುಡಿಯುವವರು ಈ ಬರಹ ಓದುತ್ತಿರುವವರಲ್ಲೇ ಇದ್ದೀರಿ. ಶಟ್‌ಡೌನ್ ಎಂದರೆ ಹಗಲು ರಾತ್ರಿ ಒಂದಾಗುವ ಕಾಲ, ಮನೆಯ ಮದುವೆ ಮುಂಜಿಗಳ ಮುಹೂರ್ತವನ್ನೂ ಅದನ್ನು ನೋಡಿಕೊಂಡೇ ಇಡಬೇಕಾದ ಕಾಲ ಎಂಬುದು ನಿಮಗೆ ಗೊತ್ತು. ಅಲ್ಲಿಯ ಭಾರಜಲ ರಿಯಾಕ್ಟರ್‌ನಲ್ಲಿ ಓಡುತ್ತಿರುವಾಗಲೇ ಇಂಧನ ಬದಲಿಸಬಹುದು. ಅಷ್ಟು ದೀರ್ಘ ಓಟ ಸಾಧ್ಯವಾದದ್ದಕ್ಕೆ ಅದೂ ಒಂದು ಕಾರಣ. ಕಣ ವೇಗವರ್ಧಕದ ಸ್ವಭಾವವೇ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಮಕ್ಕಳ ಮುಂದೆ ಒಂದನ್ನು ಸೋಮಾರಿ ಎನ್ನುವುದು ಅನ್ಯಾಯ.

ಜಿನೀವಾದ ಆ ವೇಗವರ್ಧಕ, ಲಾರ್ಜ್ ಹೇಡ್ರಾನ್ ಕೊಲೈಡರ್, ಕಣಗಳನ್ನು ಓಡಿಸಿ ಡಿಕ್ಕಿ ಹೊಡೆಸುವ 27 ಕಿಲೋಮೀಟರ್ ಸುತ್ತಳತೆಯ ಉಂಗುರ. ಕಣಗಳ ದಾರಿಯನ್ನು ಬಾಗಿಸಲೆಂದೇ 1232 ದೊಡ್ಡ ಅಯಸ್ಕಾಂತಗಳಿವೆ, ಒಂದೊಂದೂ 15 ಮೀಟರ್ ಉದ್ದ. ಅವನ್ನು ಕೂರಿಸುವ ಜಾಕ್‌ಗಳು ಹೋದದ್ದು ಭಾರತದಿಂದ ಎಂದು ಅತಿಥಿಗಳು ಹೇಳಿದ್ದರೆ ಮಕ್ಕಳಿಗೆ ಎಷ್ಟು ಚೆನ್ನಾಗಿರುತ್ತಿತ್ತು! ದ್ರವ ಹೀಲಿಯಂ ಬಳಸಿ ಆ ಅಯಸ್ಕಾಂತಗಳನ್ನು ಮೈನಸ್ 271 ಡಿಗ್ರಿಯಲ್ಲಿ ಇಟ್ಟಿರುತ್ತಾರೆ. ಉಂಗುರವನ್ನು ಎಂಟು ಭಾಗ ಮಾಡಿದ್ದಾರೆ. ಅಯಸ್ಕಾಂತಗಳ ನಡುವಿನ ಒಂದೇ ಒಂದು ಬೆಸುಗೆಯನ್ನು ಬಿಚ್ಚಬೇಕಾದರೂ ಆ ಇಡೀ ಭಾಗವನ್ನು ನಿಧಾನವಾಗಿ ಬೆಚ್ಚಗಾಗಿಸಬೇಕು, ಅದಕ್ಕೆ ವಾರಗಟ್ಟಲೆ. ಕೆಲಸ ಮುಗಿದ ಮೇಲೆ ಮತ್ತೆ ತಣ್ಣಗಾಗಿಸಬೇಕು, ಅದಕ್ಕೂ ವಾರಗಟ್ಟಲೆ. ಸ್ವಿಚ್ ಒತ್ತಿ ಆರಿಸುವ, ಒತ್ತಿ ಹಚ್ಚುವ ಯಂತ್ರ ಅದಲ್ಲ.

ಯೋಜನೆಯಿಲ್ಲದೆ ನಿಂತರೆ ಏನಾಗುತ್ತದೆ ಎಂಬುದಕ್ಕೂ ಲೆಕ್ಕವಿದೆ. 2008ರ ಸೆಪ್ಟೆಂಬರ್ 10ರಂದು ಜಗತ್ತೆಲ್ಲ ನೋಡುತ್ತಿರುವಾಗ ಮೊದಲ ಬೀಮ್, ಅಂದರೆ ಕಣಗಳ ಹೊನಲು, ಓಡಿತು. ಒಂಬತ್ತೇ ದಿನಕ್ಕೆ ಎರಡು ಅಯಸ್ಕಾಂತಗಳ ನಡುವಿನ ವಿದ್ಯುತ್ ಜೋಡಣೆ ಕೈಕೊಟ್ಟು, ಟನ್‌ಗಟ್ಟಲೆ ಹೀಲಿಯಂ ಸುರಂಗಕ್ಕೆ ನುಗ್ಗಿ, 53 ಅಯಸ್ಕಾಂತಗಳನ್ನು ಹೊರತೆಗೆಯಬೇಕಾಯಿತು. ಮತ್ತೆ ಬೀಮ್ ಬಂದದ್ದು 2009ರ ನವೆಂಬರಿನಲ್ಲಿ. ಅಂಥದ್ದು ಮತ್ತೆ ಆಗಬಾರದೆಂದು ಜೋಡಣೆಗಳನ್ನು ಒಂದೊಂದಾಗಿ ಪರೀಕ್ಷಿಸಿ ಭದ್ರಪಡಿಸಲು 2013ರಿಂದ ಎರಡು ವರ್ಷ ನಿಲ್ಲಿಸಿದರು. ಅತಿಥಿಗಳು ರಜೆ ಎಂದದ್ದು ಇಂಥ ಕೆಲಸವನ್ನು.

ಇನ್ನೊಂದು ವಿಷಯ ಹೇಳಲೇಬೇಕು, ನನ್ನ ಸಿಟ್ಟಿನ ಬೇರು ಇರುವುದು ಇಲ್ಲಿ. ಅದು ಒಂದು ಯಂತ್ರವಲ್ಲ, ಯಂತ್ರಗಳ ಸರಪಳಿ. ಪ್ರೋಟಾನು ಮೊದಲು ಒಂದು ನೇರ ವೇಗವರ್ಧಕದಲ್ಲಿ ಓಡಿ, ಬೂಸ್ಟರ್ ದಾಟಿ, 1959ರಿಂದ ದುಡಿಯುತ್ತಿರುವ ಪ್ರೋಟಾನ್ ಸಿಂಕ್ರೊಟ್ರಾನ್ ಹೊಕ್ಕು, ಅಲ್ಲಿಂದ ಸೂಪರ್ ಪ್ರೋಟಾನ್ ಸಿಂಕ್ರೊಟ್ರಾನಿಗೆ ಬಂದು, ಕೊನೆಗೆ ದೊಡ್ಡ ಉಂಗುರ ಸೇರುತ್ತದೆ. ಹೀಗೆ ತಯಾರಾಗುವ ಪ್ರೋಟಾನುಗಳಲ್ಲಿ ದೊಡ್ಡ ಉಂಗುರಕ್ಕೆ ಹೋಗುವುದು ಸಣ್ಣ ಪಾಲು ಮಾತ್ರ. ಉಳಿದವು ದಾರಿಯುದ್ದಕ್ಕೂ ಇರುವ ಬೇರೆ ಬೇರೆ ಪ್ರಯೋಗಗಳಿಗೆ: ಅಪರೂಪದ ಐಸೊಟೋಪುಗಳನ್ನು ಮಾಡುವವರಿಗೆ, ಪ್ರತಿಕಣಗಳನ್ನು ಹಿಡಿದಿಡುವವರಿಗೆ, ಕಣಗಳ ಜಾಡು ಹಿಡಿಯುವ ಹೊಸ ಡಿಟೆಕ್ಟರಿನ ತುಣುಕು ತಂದು ಪರೀಕ್ಷಿಸಿಕೊಂಡು ಹೋಗುವ ವಿದ್ಯಾರ್ಥಿಗಳಿಗೆ. ದೊಡ್ಡ ಉಂಗುರವನ್ನು ತುಂಬಿಸುವ ಹೊತ್ತಿನಲ್ಲಿ ಈ ಉಳಿದವರ ಪಾಲು ಕಡಿಮೆಯಾಗುತ್ತದೆ. ಸರಪಳಿಯ ಹಳೆಯ ಯಂತ್ರವೊಂದು ನಿಂತರೆ ಅದರ ಮುಂದಿನವರೆಲ್ಲ ಕಾಯಬೇಕು.

ಈಗ ಯೋಚಿಸಿ. ಇಷ್ಟು ಜನರನ್ನು ಒಂದೇ ಕ್ಯಾಲೆಂಡರಿನಲ್ಲಿ ಕೂರಿಸಬೇಕು. ಒಬ್ಬರಿಗೆ ಪ್ರೋಟಾನು, ಒಬ್ಬರಿಗೆ ಸೀಸದ ಅಯಾನು. ಒಬ್ಬರಿಗೆ ಸುರಂಗದೊಳಗೆ ಇಳಿದು ತಮ್ಮ ಡಿಟೆಕ್ಟರ್ ಬಿಚ್ಚಲು ಸಮಯ ಬೇಕು, ಒಬ್ಬರು ಬೀಮ್ ನಿಲ್ಲಿಸಲೇಬೇಡಿ ಎನ್ನುತ್ತಾರೆ. ಯಂತ್ರ ನಡೆಸುವವರಿಗೆ ತಮ್ಮ ಯಂತ್ರವನ್ನು ಇನ್ನಷ್ಟು ಅರಿಯಲು ಬಿಡುವು ಬೇಕು. ಒಳಗೆ ಮನುಷ್ಯರು ಹೋಗುವ ಮೊದಲು ವಿಕಿರಣ ತಗ್ಗಲು ಕಾಯಬೇಕು. ಚಳಿಗಾಲದಲ್ಲಿ ಯುರೋಪಿನವರಿಗೆ ಮನೆ ಬೆಚ್ಚಗಿಡಲು ವಿದ್ಯುತ್ ಬೇಕು, ಆಗ ಅದರ ಬೆಲೆಯೂ ಏರಿರುತ್ತದೆ. ವಾರ್ಷಿಕ ದುರಸ್ತಿಯನ್ನು ಆ ತಿಂಗಳುಗಳಿಗೇ ಇಟ್ಟಿರುವುದರ ಹಿಂದೆ ಈ ಲೆಕ್ಕವೂ ಇದೆ. 2022ರಲ್ಲಿ ಯುರೋಪಿಗೆ ವಿದ್ಯುತ್ ಸಂಕಟ ಬಂದಾಗ ಎರಡು ವಾರ ಮೊದಲೇ, ನವೆಂಬರ್ 28ಕ್ಕೇ ನಿಲ್ಲಿಸಿದರು; ಮುಂದಿನ ವರ್ಷದ ಓಟವನ್ನೂ ಶೇಕಡಾ 20ರಷ್ಟು ಕಡಿತ ಮಾಡುವುದೆಂದು ನಿರ್ಧರಿಸಿದರು. ಆ ಎರಡು ವಾರ ಯಾರ ಪ್ರಯೋಗದಿಂದ ಕಳೆಯಬೇಕು? ಯಾರಿಗೆ ಹೇಗೆ ಸಮಾಧಾನ ಹೇಳಬೇಕು? ಯಾರೋ ಕುಳಿತು ತಲೆ ಕೆಡಿಸಿಕೊಂಡಿದ್ದಾರೆ. ಅವರ ಹೆಸರು ಯಾವ ಪತ್ರಿಕೆಯಲ್ಲಿಯೂ ಬರುವುದಿಲ್ಲ.

ಕಾರವಾರದ ಬೈತಖೋಲ ಮೀನುಗಾರಿಕೆ ಬಂದರನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಎಂಜಿನ್ ಬಿಚ್ಚುವುದು, ಬಣ್ಣ ಬಳಿಯುವುದು, ಬಲೆ ದುರಸ್ತಿ ಎಲ್ಲವೂ ಆಗಲೇ ನಡೆಯುತ್ತದೆ. ಕಾರವಾರದ ಯಾರಾದರೂ ಮೀನುಗಾರರನ್ನು ರಜೆಯ ಮೇಲಿದ್ದಾರೆ ಎಂದು ಹೀಯಾಳಿಸಿದ್ದಾರೆಯೇ? ನಿಷೇಧದ ದಿನಾಂಕ ಮೊದಲೇ ಗೊತ್ತಿರುವುದರಿಂದಲೇ ಮೆಕ್ಯಾನಿಕ್ ಸಿಗುತ್ತಾನೆ, ಸಾಲದ ಕಂತಿನ ಲೆಕ್ಕ ಕೂಡುತ್ತದೆ.

ನನ್ನ ಸಂಶೋಧನೆಯ ದಿನಗಳು ಎಲ್ಲಿ ಕಳೆದವು ಎಂಬುದು ಹಳೆಯ ಗೆಳೆಯರಿಗೆ ಗೊತ್ತು. ಜಿನೀವಾದಷ್ಟು ದೊಡ್ಡದಲ್ಲ, ನಮ್ಮ ದೇಶದ್ದೇ ಒಂದು ಪೆಲೆಟ್ರಾನ್, ಹೆಚ್ಚು ವೋಲ್ಟೇಜಿನಿಂದ ಅಯಾನುಗಳನ್ನು ಓಡಿಸುವ ವೇಗವರ್ಧಕ. ಎತ್ತರದ ಉಕ್ಕಿನ ಟ್ಯಾಂಕು, ಒಳಗೆ ಮಿಲಿಯನ್‌ಗಟ್ಟಲೆ ವೋಲ್ಟ್ ತಡೆಯಲು ತುಂಬಿಟ್ಟ ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲ. ಟ್ಯಾಂಕು ತೆರೆಯಬೇಕೆಂದರೆ ಮೊದಲು ಆ ಅನಿಲವನ್ನೆಲ್ಲ ಬೇರೆ ಸಿಲಿಂಡರುಗಳಿಗೆ ಪಂಪ್ ಮಾಡಬೇಕು. ಅದು ಗಾಳಿಗಿಂತ ಐದು ಪಟ್ಟು ಭಾರ, ತಳದಲ್ಲಿ ಉಳಿದರೆ ಉಸಿರು ಕಟ್ಟುತ್ತದೆ. ಆಮ್ಲಜನಕ ಅಳೆದ ಮೇಲೆಯೇ ಒಳಗೆ ಬಿಡುತ್ತಿದ್ದರು. ಮೇಲಿನಿಂದ ಕೆಳಗಿನವರೆಗೆ ಆಲ್ಕೋಹಾಲಿನಲ್ಲಿ ಅದ್ದಿದ, ನೂಲು ಬಿಡದ ಬಟ್ಟೆಯಿಂದ ಒಂದೊಂದೇ ಲೋಹದ ಬಳೆಯನ್ನು ಒರೆಸಬೇಕು. ಒಂದು ಎಳೆ ಉಳಿದರೂ ನಾಳೆ ಅಲ್ಲಿಯೇ ಕಿಡಿ ಹಾರುತ್ತದೆ. ನಾನೂ ಮಂಡಿಯೂರಿ ಒರೆಸಿದ್ದೇನೆ. ಒಳಗೆ ಹೋಗುವ ಪ್ರತಿಯೊಬ್ಬರೂ ಬಾಗಿಲ ಬಳಿಯ ಪೆಟ್ಟಿಗೆಯಿಂದ ಒಂದು ಕೀಲಿ ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದೆವು. ಒಂದು ಕೀಲಿ ಪೆಟ್ಟಿಗೆಗೆ ಮರಳದಿದ್ದರೂ ಯಂತ್ರ ಏಳುವುದಿಲ್ಲ.

ಅಲ್ಲಿ ಬೀಮ್ ಟೈಮ್ ಹಂಚುವ ಒಬ್ಬರಿದ್ದರು. ನಾವೆಲ್ಲ 'ಶಿಫ್ಟ್ ಸರ್' ಎನ್ನುತ್ತಿದ್ದೆವು. ಎಂಟು ಗಂಟೆಗೊಂದು ಶಿಫ್ಟ್. ಯಾವ ವಿಶ್ವವಿದ್ಯಾಲಯದ ಯಾರಿಗೆ ಎಷ್ಟು ಶಿಫ್ಟ್, ಯಾವ ಅಯಾನು, ಎಷ್ಟು ವೋಲ್ಟೇಜ್ ಎಂಬುದೆಲ್ಲ ಅವರ ರಿಜಿಸ್ಟರಿನಲ್ಲಿ ಪೆನ್ಸಿಲಿನಲ್ಲಿ ಇರುತ್ತಿತ್ತು. ಟ್ಯಾಂಕು ಮುಚ್ಚಿದ ಮೇಲೆ ವೋಲ್ಟೇಜನ್ನು ಒಮ್ಮೆಲೇ ಏರಿಸುವಂತಿಲ್ಲ. ಸ್ವಲ್ಪ ಏರಿಸಿ, ಕಾದು, ಮತ್ತೆ ಸ್ವಲ್ಪ ಏರಿಸಿ ಪಳಗಿಸಬೇಕು. ಹಾಗಾಗಿ ಕಡಿಮೆ ವೋಲ್ಟೇಜ್ ಸಾಕಾಗುವ ಪ್ರಯೋಗಗಳನ್ನು ಮೊದಲ ವಾರಗಳಿಗೂ ಹೆಚ್ಚು ಬೇಕಾದವನ್ನು ಕೊನೆಗೂ ಇಡುತ್ತಿದ್ದರು. ಒಂದೇ ಅಯಾನು ಬೇಕಾದವರನ್ನು ಅಕ್ಕಪಕ್ಕ ಕೂರಿಸಿ, ಅಯಾನು ಮೂಲ ಬದಲಿಸುವ ಸಮಯ ಉಳಿಸುತ್ತಿದ್ದರು. ಹೀಗೆ ಉಳಿಸಿದ ಗಂಟೆಗಳನ್ನು ದೂರದಿಂದ ಬಂದ ಯಾವುದೋ ವಿದ್ಯಾರ್ಥಿಗೆ ಕೊಡುತ್ತಿದ್ದರು.

ನನ್ನ ಫೆಲೋಶಿಪ್ ಮುಗಿಯುವ ವರ್ಷ ಟ್ಯಾಂಕನ್ನು ಅವಧಿಗೆ ಮೊದಲೇ ತೆರೆಯಬೇಕಾಗಿ ಬಂತು. ನನ್ನ ಶಿಫ್ಟುಗಳು ಹೋದವು. ಹಾಸ್ಟೆಲ್ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತೆ. ಸಿರ್ಸಿಗೆ ಫೋನ್ ಮಾಡಿ, ಇನ್ನು ಓದು ಸಾಕು, ಬಂದುಬಿಡುತ್ತೇನೆ ಎಂದು ಅಪ್ಪಯ್ಯನಿಗೆ ಹೇಳಿದೆ. ಎರಡು ವಾರದ ನಂತರ ಶಿಫ್ಟ್ ಸರ್ ಕರೆಸಿದರು. ಇನ್ನೊಂದು ಗುಂಪಿನವರನ್ನು ಒಪ್ಪಿಸಿ ನನ್ನ ಶಿಫ್ಟುಗಳನ್ನು ವೋಲ್ಟೇಜ್ ಚೆನ್ನಾಗಿ ನಿಂತ ಮೇಲಿನ ವಾರಕ್ಕೆ ಹಾಕಿದ್ದರು. "ತಂಗಿ, ಹೊಸದಾಗಿ ಒರೆಸಿದ ಯಂತ್ರ. ಈಗ ಸಿಗುವ ಬೀಮ್ ನಿನಗೆ ಮೊದಲು ಸಿಗುತ್ತಿರಲಿಲ್ಲ" ಎಂದರು. ಹಾಗೆಯೇ ಆಯಿತು. ನನ್ನ ಪ್ರಬಂಧದ ಅತ್ಯುತ್ತಮ ಅಳತೆಗಳೆಲ್ಲ ಆ ವಾರದವು.

ಒಂದು ವಾದ ಬರುತ್ತದೆ, ನನಗೆ ಗೊತ್ತು. ದತ್ತಾಂಶ ಹರಿದು ಬರುತ್ತಿರುವಾಗ ನಿಲ್ಲಿಸುವುದು ಎಷ್ಟು ಸರಿ, ಇನ್ನೊಂದು ತಿಂಗಳು ಓಡಿಸಿದ್ದರೆ ಏನೋ ಸಿಗುತ್ತಿತ್ತಲ್ಲ ಎಂಬ ವಾದ. 2000ನೇ ಇಸವಿಯಲ್ಲಿ ಇದೇ ವಾದ ಇದೇ ಸುರಂಗದಲ್ಲಿ ನಡೆದಿತ್ತು. ಆಗ ಅಲ್ಲಿದ್ದದ್ದು ಎಲೆಕ್ಟ್ರಾನು ಪಾಸಿಟ್ರಾನುಗಳನ್ನು ಡಿಕ್ಕಿ ಹೊಡೆಸುವ ಲೆಪ್ ಯಂತ್ರ. ಮುಚ್ಚುವ ಹೊತ್ತಿಗೆ 115 ಜಿಇವಿ (ಕಣದ ಶಕ್ತಿ, ದ್ರವ್ಯರಾಶಿ ಎರಡನ್ನೂ ಅಳೆಯುವ ಮಾನ) ಆಸುಪಾಸಿನಲ್ಲಿ, ಬಹುಕಾಲದಿಂದ ಹುಡುಕುತ್ತಿದ್ದ ಹಿಗ್ಸ್ ಕಣದ ಸುಳಿವು ಸಿಕ್ಕಂತಾಯಿತು. ಒಂದು ತಿಂಗಳು ಹೆಚ್ಚು ಕೊಟ್ಟರು. ಇನ್ನೂ ಒಂದು ವರ್ಷ ಕೊಡಿ ಎಂದು ಪ್ರಯೋಗದವರು ಪಟ್ಟು ಹಿಡಿದರು. ಈ ಯಂತ್ರಗಳನ್ನು ನಡೆಸುವ ಸರ್ನ್ ಪ್ರಯೋಗಾಲಯದ ಆಗಿನ ಮಹಾನಿರ್ದೇಶಕ ಲೂಚಾನೊ ಮಯಾನಿ ಒಪ್ಪಲಿಲ್ಲ, ನವೆಂಬರ್ 2ಕ್ಕೆ ಯಂತ್ರ ನಿಂತಿತು. ಎಷ್ಟು ಜನ ಅವರನ್ನು ಶಪಿಸಿರಬೇಕು! ಹನ್ನೆರಡು ವರ್ಷದ ಮೇಲೆ, 2012ರ ಜುಲೈ 4ರಂದು, ಹಿಗ್ಸ್ ಕಣ ಸಿಕ್ಕಿದೆ ಎಂದು ಘೋಷಣೆಯಾಯಿತು. ಅದರ ದ್ರವ್ಯರಾಶಿ ಸುಮಾರು 125 ಜಿಇವಿ. ಲೆಪ್‌ನಲ್ಲಿ ಹಿಗ್ಸ್ ಹುಟ್ಟುವ ಮುಖ್ಯ ದಾರಿಯಲ್ಲಿ ಜೊತೆಗೆ 91 ಜಿಇವಿಯ ಝಡ್ ಕಣವೂ ಹುಟ್ಟಬೇಕು. ಎರಡೂ ಸೇರಿ 216. ಲೆಪ್ ತಲುಪಿದ ಗರಿಷ್ಠ ಶಕ್ತಿ 209. ಆ ಯಂತ್ರವನ್ನು ಇನ್ನೊಂದು ವರ್ಷ ಹಾಗೆಯೇ ಓಡಿಸಿದ್ದರೂ ಈ ದಾರಿಯಲ್ಲಿ ಹಿಗ್ಸ್ ಸಿಗುತ್ತಿರಲಿಲ್ಲ, ಹೊಸ ಯಂತ್ರವೂ ತಡವಾಗುತ್ತಿತ್ತು. ಈ ಕೂಡಿಸುವ ಲೆಕ್ಕವನ್ನು ಪಿಯುಸಿ ಮಕ್ಕಳೂ ಮಾಡಬಲ್ಲರು. ನಿನ್ನೆಯ ಸಭೆಯಲ್ಲಿ ಮಾಡಿಸಬಹುದಿತ್ತು.

ಇನ್ನು ಆ ನಾಲ್ಕು ವರ್ಷದ ಮಾತು. ಉಂಗುರದ 1.2 ಕಿಲೋಮೀಟರಿಗೂ ಹೆಚ್ಚಿನ ಭಾಗದಲ್ಲಿ ಹೊಸ ಉಪಕರಣಗಳನ್ನು ಕೂರಿಸುವ ಯೋಜನೆ ಅದು. ನಿಯೋಬಿಯಂ ಮತ್ತು ತವರದ ಸಂಯುಕ್ತದಿಂದ ಮಾಡಿದ, ವಿದ್ಯುತ್ತಿಗೆ ತಡೆಯೊಡ್ಡದ ಅತಿವಾಹಕ ತಂತಿಯ ಅಯಸ್ಕಾಂತಗಳು ಬರಬೇಕು, ಡಿಟೆಕ್ಟರುಗಳ ಒಳಭಾಗಗಳೂ ಹೊಸದಾಗಬೇಕು. ಒಟ್ಟು ಘರ್ಷಣೆಗಳನ್ನು ಮೂಲ ಯೋಜನೆಯ ಹತ್ತು ಪಟ್ಟಿಗೆ ಏರಿಸುವುದು ಗುರಿ. ಮೊದಲು 2025ರ ಕೊನೆಗೆ ನಿಲ್ಲಿಸಬೇಕೆಂದಿತ್ತು; 2024ರಲ್ಲಿ ಎಲ್ಲರನ್ನೂ ಕೇಳಿ, ಲೆಕ್ಕ ಹಾಕಿ, 2026ರ ನಡುವಿಗೆ ಸರಿಸಿದರು. ಮತ್ತೆ ಶುರುವಾಗುವುದು 2030ಕ್ಕೆ. ಇಂಥ ಒಂದು ದಿನಾಂಕ ಆರು ತಿಂಗಳು ಸರಿದರೆ ಸಾವಿರಾರು ಜನರ ಒಪ್ಪಂದ, ಕೆಲಸ, ಪಿಎಚ್‌ಡಿ ಎಲ್ಲವೂ ಸರಿಯುತ್ತದೆ. ಅಷ್ಟು ಭಾರದ ದಿನಾಂಕವನ್ನು ರಜೆಯ ಅರ್ಜಿಯ ಹಾಗೆ ಕಂಡದ್ದು ನನಗೆ ನೋವು ತಂದಿದೆ.

ಈ ಬರಹ ಓದುತ್ತಿರುವ ಸಂಶೋಧನಾ ವಿದ್ಯಾರ್ಥಿಗಳಲ್ಲಿ ಒಂದು ಬೇಡಿಕೆ. ಇಂದೋರಿನಲ್ಲೋ, ದೆಹಲಿಯಲ್ಲೋ, ಕೋಲ್ಕತ್ತದಲ್ಲೋ ಬೀಮಿಗಾಗಿ ಕಾಯುತ್ತಿದ್ದೀರಿ. ನಿಮ್ಮ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ 'ವೇಗವರ್ಧಕದ ಸಿಬ್ಬಂದಿಗೆ ವಂದನೆಗಳು' ಎಂಬ ಒಂದು ಸಾಲಿನಲ್ಲಿ ಮುಗಿಸಬೇಡಿ. ವೇಳಾಪಟ್ಟಿ ಮಾಡಿದವರು ಯಾರು, ರಾತ್ರಿ ಪಾಳಿಯಲ್ಲಿ ಯಂತ್ರ ನಡೆಸಿದವರು ಯಾರು, ಟ್ಯಾಂಕಿನೊಳಗೆ ಇಳಿದವರು ಯಾರು ಎಂದು ಕೇಳಿ ತಿಳಿದುಕೊಂಡು, ಅವರ ಪೂರ್ಣ ಹೆಸರು ಬರೆಯಿರಿ. ಮುದ್ರಿಸಿದ ಒಂದು ಪ್ರತಿಯನ್ನು ಕಂಟ್ರೋಲ್ ರೂಮಿಗೆ ನೀವೇ ಹೋಗಿ ಕೊಟ್ಟು ಬನ್ನಿ.