ಅನುಮಾನ ಬಂದಾಗ ಸಂಗಾತಿಯ ಫೋನ್ ತೆಗೆದು ನೋಡಬಹುದೇ?

ಪರ: ಕೇಳಿದರೆ ಉತ್ತರ ಸಿಗದ ಮನೆಯಲ್ಲಿ ಇನ್ನೇನು ಮಾಡಬೇಕಿತ್ತು?

ನನ್ನ ಫೋನಿಗೆ ಯಾವತ್ತೂ ಲಾಕ್ ಇರಲಿಲ್ಲ. ಅಡುಗೆಮನೆ ಕಟ್ಟೆಯ ಮೇಲೆ ಉಪ್ಪಿನ ಡಬ್ಬಿಯ ಪಕ್ಕ ಬಿದ್ದಿರುತ್ತಿತ್ತು. ಮಗಳು ಅದರಲ್ಲೇ ಆಡುತ್ತಿದ್ದಳು, ಅತ್ತೆ ಅದರಲ್ಲೇ ತಮ್ಮನಿಗೆ ಫೋನ್ ಹಚ್ಚಿಸಿಕೊಳ್ಳುತ್ತಿದ್ದರು, ನಮ್ಮ ಮನೆಯವರು ಬೇಕೆನಿಸಿದಾಗಲೆಲ್ಲ ತೆಗೆದು ನೋಡುತ್ತಿದ್ದರು. ನನಗೂ ಅದು ತಪ್ಪು ಅನ್ನಿಸಿರಲಿಲ್ಲ. ಆದರೆ ಅವರ ಫೋನ್ ಒಂದು ದಿನದಿಂದ ಇದ್ದಕ್ಕಿದ್ದಂತೆ ಬೋರಲು ಬಿದ್ದಿರಲು ಶುರುವಾಯಿತು. ಊಟಕ್ಕೆ ಕೂತರೆ ತಟ್ಟೆಯ ಪಕ್ಕ ಬೋರಲು, ಮಲಗಿದರೆ ದಿಂಬಿನ ಕೆಳಗೆ, ಸ್ನಾನಕ್ಕೆ ಹೋದರೆ ಟವೆಲಿನ ಜೊತೆ ಬಚ್ಚಲಿಗೆ.

ಏನು ವಿಷಯ ಎಂದು ಕೇಳಿದೆ. "ನಿನಗೆ ತಲೆ ಕೆಟ್ಟಿದೆ" ಅಂದರು. ಇನ್ನೊಂದು ಸಲ ಕೇಳಿದಾಗ ನನ್ನ ಅಣ್ಣನಿಗೇ ಫೋನ್ ಮಾಡಿ, "ನಿಮ್ಮ ತಂಗಿಗೆ ಏನೋ ಆಗಿದೆ, ಡಾಕ್ಟರಿಗೆ ತೋರಿಸಿ" ಅಂದರು. ಅಣ್ಣ ನಂಬಿದ. ಎಂಟು ತಿಂಗಳು ನಾನೂ ನಂಬಿದೆ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಮೂರು ಮೂರು ಸಲ ಎದ್ದು ನೋಡುವಷ್ಟು ನನ್ನ ಮೇಲೆ ನನಗೇ ಭರವಸೆ ಹೋಗಿತ್ತು. ಸಂಗಾತಿಯ ಫೋನ್ ಮುಟ್ಟಬಾರದು, ಎದುರು ಕೂತು ಮಾತಾಡಬೇಕು ಎಂದು ಬುದ್ಧಿ ಹೇಳುವವರಿಗೆ ಈ ಎಂಟು ತಿಂಗಳ ಲೆಕ್ಕ ಗೊತ್ತಿಲ್ಲ. ಎದುರು ಕೂತು ಮಾತಾಡಲು ಇಬ್ಬರು ಬೇಕು.

ಒಂದು ರಾತ್ರಿ ಅವರು ಜ್ವರಕ್ಕೆ ಮಾತ್ರೆ ನುಂಗಿ ಮಲಗಿದ್ದಾಗ ತೆಗೆದೆ. ಪಾಸ್‌ವರ್ಡ್ ನಮ್ಮ ಮಗಳ ಹುಟ್ಟಿದ ತಾರೀಖು. ವಾಟ್ಸಾಪ್ ಗುಡಿಸಿ ಸಾರಿಸಿದಂತೆ ಚೊಕ್ಕಟವಾಗಿತ್ತು. ಆದರೆ ಫೋನ್‌ಪೇಯಲ್ಲಿ ಪ್ರತಿ ತಿಂಗಳು 5ನೇ ತಾರೀಖು ಒಂದೇ ಹೆಸರಿಗೆ 9,500 ರೂಪಾಯಿ ಹೋಗಿತ್ತು, ಕೆಳಗೆ "ಬಾಡಿಗೆ" ಎಂದು ಬರೆದಿತ್ತು. ನಾವಿರುವುದು ಸ್ವಂತ ಮನೆಯಲ್ಲಿ. ಇನ್ನೊಂದು ಕಡೆ ಚಿನ್ನದ ಸಾಲದ ಬಡ್ಡಿ ಕಟ್ಟಲು ಬಾಕಿ ಇದೆ ಎನ್ನುವ ಮೆಸೇಜು. ಲಾಕರಿನಲ್ಲಿದೆ ಎಂದು ನಾನು ನೆಮ್ಮದಿಯಾಗಿದ್ದ ನನ್ನ ತಾಯಿಯ ಅವಲಕ್ಕಿ ಸರ ಅಡವಿಗೆ ಹೋಗಿತ್ತು.

ಫೋನ್ ಅಂದರೆ ಪ್ರೇಮಪತ್ರದ ಪೆಟ್ಟಿಗೆ ಎಂದುಕೊಂಡು ಇದನ್ನು ಚರ್ಚೆ ಮಾಡುವವರೇ ಹೆಚ್ಚು. ಇವತ್ತು ಮನೆಯ ಕಬ್ಬಿಣದ ಪೆಟ್ಟಿಗೆ, ಲೆಕ್ಕದ ಪುಸ್ತಕ, ಬ್ಯಾಂಕಿನ ಪಾಸ್‌ಬುಕ್, ಎಲ್ಲ ಅದೇ. ಮನೆ ಸಾಲದ ಕಾಗದಕ್ಕೆ ನನ್ನ ಸಹಿಯೂ ಇದೆ. ಕಂತು ತಪ್ಪಿದರೆ ನೋಟಿಸ್ ನನಗೂ ಬರುತ್ತದೆ. ನನ್ನ ಹೆಸರು ಕಟ್ಟಿಹಾಕಿರುವ ಪೆಟ್ಟಿಗೆಯ ಬೀಗದ ಕೈ ಒಬ್ಬರ ಹತ್ತಿರ ಮಾತ್ರ ಇರಬೇಕು ಎನ್ನುವುದನ್ನು ಖಾಸಗಿತನ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ದುಡ್ಡಿನದ್ದು ಒಂದಾದರೆ ದೇಹದ್ದು ಇನ್ನೊಂದು. 1998ರಲ್ಲೇ ಸುಪ್ರೀಂ ಕೋರ್ಟ್, ಮದುವೆಯಾಗಲಿದ್ದ ಗಂಡಿಗೆ ಎಚ್‌ಐವಿ ಇದ್ದ ಪ್ರಕರಣದಲ್ಲಿ, ಅವನ ಗುಟ್ಟಿಗಿಂತ ಆ ಹೆಣ್ಣಿನ ಆರೋಗ್ಯ ಮತ್ತು ಬದುಕಿನ ಹಕ್ಕು ದೊಡ್ಡದು ಎಂದಿತು. ಮದುವೆಯಾಗಬೇಕಿದ್ದವಳಿಗೇ ಇರುವ ಹಕ್ಕು ಹದಿನಾರು ವರ್ಷ ಜೊತೆಗೆ ಬದುಕಿದವಳಿಗೆ ಬೇಡವೇ?

ಕಾನೂನು ಕೂಡ ನಮ್ಮಿಂದ ಪುರಾವೆ ಕೇಳುತ್ತದೆ. 2018ರ ಸೆಪ್ಟೆಂಬರ್ 27ರಂದು ಐಪಿಸಿಯ 497ನೇ ಕಲಂ ರದ್ದಾದ ಮೇಲೆ ವ್ಯಭಿಚಾರ ಅಪರಾಧವಾಗಿ ಉಳಿದಿಲ್ಲ. ಆದರೆ 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ವಿಚ್ಛೇದನ ಕೇಳಲು ಅದು ಈಗಲೂ ಕಾರಣ. ಇಂಥದ್ದನ್ನು ಯಾರೂ ಸಾಕ್ಷಿ ಕೂರಿಸಿಕೊಂಡು ಮಾಡುವುದಿಲ್ಲ. ಬರೀ ಬಾಯಿಮಾತು ಹಿಡಿದುಕೊಂಡು ಕೋರ್ಟಿಗೆ ಹೋದವಳ ಗತಿ ಏನು ಎಂದು ಕೌಟುಂಬಿಕ ನ್ಯಾಯಾಲಯದ ಮೊಗಸಾಲೆಯಲ್ಲಿ ಒಂದು ದಿನ ಕೂತರೆ ಗೊತ್ತಾಗುತ್ತದೆ. 2025ರ ಜುಲೈ 14ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮಾ ಅವರ ಪೀಠ, ಗಂಡ ಹೆಂಡತಿಗೆ ತಿಳಿಯದಂತೆ ರೆಕಾರ್ಡ್ ಮಾಡಿದ್ದ ಫೋನ್ ಮಾತುಕತೆಯನ್ನು ವಿಚ್ಛೇದನದ ವ್ಯಾಜ್ಯದಲ್ಲಿ ಸಾಕ್ಷಿಯಾಗಿ ಪರಿಗಣಿಸಬಹುದು ಎಂದು ತೀರ್ಪು ಕೊಟ್ಟಿತು. ಆ ಪ್ರಕರಣದಲ್ಲಿ ರೆಕಾರ್ಡ್ ಮಾಡಿದವನು ಗಂಡ. ನಾಳೆ ಅದೇ ತೀರ್ಪು ಹಿಡಿದುಕೊಂಡು ಹೆಂಡತಿಯೂ ನಿಲ್ಲಬಹುದು.

ಇದಕ್ಕೊಂದು ಗೆರೆ ಇದೆ, ಅದನ್ನು ನಾನೇ ಎಳೆದುಕೊಂಡಿದ್ದೇನೆ. ಕಾರಣ ಇರಬೇಕು. ಮೊದಲು ಬಾಯಿಬಿಟ್ಟು ಕೇಳಿರಬೇಕು. ಒಂದು ಸಲ ನನ್ನ ಕಣ್ಣಾರೆ ನೋಡಿ ಮುಗಿಸಬೇಕು. ಗುಟ್ಟಾಗಿ ಆ್ಯಪ್ ಹಾಕಿ ದಿನವಿಡೀ ಕಾಯುವುದು, ಫೋಟೋ ಹೊಡೆದು ನೆಂಟರ ಗ್ರೂಪಿಗೆ ಹಾಕುವುದು ನೀಚತನ. ನೋಡಿದ ಮೇಲೆ ನೋಡಿದೆ ಎಂದು ಹೇಳುವ ಧೈರ್ಯವೂ ಬೇಕು. ಬೆಳಿಗ್ಗೆ ಕಾಫಿ ಕೊಡುವಾಗಲೇ ಹೇಳಿದೆ. "ನನ್ನ ಫೋನ್ ಮುಟ್ಟೋಕೆ ನಿನಗೆ ಯಾರು ಹೇಳಿದ್ದು?" ಎನ್ನುವುದು ಅವರ ಬಾಯಿಂದ ಬಂದ ಮೊದಲ ಮಾತು.

ಅವರು ಆಫೀಸಿಗೆ ಹೋದ ಮೇಲೆ ಅಣ್ಣನಿಗೆ ಫೋನ್ ಮಾಡಿದೆ. "ಅಣ್ಣ, ನನಗೆ ತಲೆ ಕೆಟ್ಟಿರಲಿಲ್ಲ" ಅಂದೆ. ಆ ಕಡೆಯಿಂದ ತುಂಬ ಹೊತ್ತು ಮಾತು ಬರಲಿಲ್ಲ.

ವಿರೋಧ: ಆ ಫೋನಿನಲ್ಲಿ ಇದ್ದದ್ದು ಅವಳೊಬ್ಬಳೇ ಅಲ್ಲ

ನಾನು ನೋಡಿದವನು. ನೋಡಬಾರದಿತ್ತು ಎಂದು ಹೇಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಂಡತಿ ಶಾಲಾ ಶಿಕ್ಷಕಿ. ರಾತ್ರಿ ಒಂಬತ್ತರ ಮೇಲೆ ಫೋನ್ ಬಂದರೆ ಮಹಡಿ ಹತ್ತಿ ಹೋಗಿ, ದನಿ ತಗ್ಗಿಸಿ ಮಾತಾಡುತ್ತಿದ್ದಳು. ನಾನು ಮೆಟ್ಟಿಲ ಮೇಲೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಕೇಳಲು ನನಗೆ ಅಭಿಮಾನ ಅಡ್ಡ ಬಂತು. ಒಂದು ಭಾನುವಾರ ಅವಳು ಸಂತೆಗೆ ಹೋಗುವಾಗ ಫೋನ್ ಮರೆತು ಹೋದಳು. ಬಾಗಿಲು ಹಾಕಿಕೊಂಡು ಕೂತೆ.

ಸಹೋದ್ಯೋಗಿಯೊಬ್ಬರ ಮೆಸೇಜುಗಳಿದ್ದವು. ಬಿಸಿಯೂಟದ ಲೆಕ್ಕ, ಎಸ್ಸೆಸ್ಸೆಲ್ಸಿ ಮೌಲ್ಯಮಾಪನ, "ನಾಳೆ ಬೇಗ ಬನ್ನಿ ಮೇಡಂ." ದಿನಾ ಬೆಳಿಗ್ಗೆ ಗುಡ್ ಮಾರ್ನಿಂಗ್ ಜೊತೆ ಒಂದು ಗುಲಾಬಿ. ಊರಿಗೆಲ್ಲ ಕಳಿಸುವ ಗುಲಾಬಿ ಅದು, ನನ್ನ ಸೊಸೈಟಿಯ ಗ್ರೂಪಿನಲ್ಲೂ ದಿನಾ ಹತ್ತು ಬೀಳುತ್ತವೆ. ಆದರೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಒಂದು ವಾರ ಆ ಗುಲಾಬಿಯನ್ನೇ ಮನಸ್ಸಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದೆ. ಎರಡು ಮೆಸೇಜು ಡಿಲೀಟ್ ಆಗಿದ್ದವು. ಏನಿತ್ತು ಅದರಲ್ಲಿ? ಇದ್ದದ್ದು ಪುರಾವೆಯಾಗಲಿಲ್ಲ, ಇಲ್ಲದ್ದೇ ಪುರಾವೆಯಾಯಿತು. ಫೋನ್ ನೋಡಿದರೆ ಅನುಮಾನ ತೀರುತ್ತದೆ ಎನ್ನುವವರು ಇದನ್ನು ಅನುಭವಿಸಿಲ್ಲ. ಏನೂ ಸಿಗದಿದ್ದವನು "ಏನೂ ಇಲ್ಲ" ಎಂದು ಎದ್ದು ಹೋಗುವುದಿಲ್ಲ, ಜಾಣತನದಿಂದ ಮುಚ್ಚಿಟ್ಟಿದ್ದಾಳೆ ಎಂದುಕೊಳ್ಳುತ್ತಾನೆ.

ಬೆರಳು ಅಲ್ಲಿಗೇ ನಿಲ್ಲಲಿಲ್ಲ. ಕೆಳಗೆ ಇಳಿಯುತ್ತಾ ನಾದಿನಿಯ ಮೆಸೇಜುಗಳಿಗೆ ಬಂದೆ. "ಅಕ್ಕ, ಎರಡನೇ ಸಲವೂ ನಿಲ್ಲಲಿಲ್ಲ. ಯಾರಿಗೂ ಹೇಳಬೇಡ. ಭಾವನಿಗೂ."

ರಾತ್ರಿ ಒಂಬತ್ತರ ಫೋನು ಅವಳದ್ದು.

ಆ ವರ್ಷದ ಗೌರಿ ಹಬ್ಬಕ್ಕೆ ಅವಳು ಮನೆಗೆ ಬಂದಿದ್ದಳು. "ಇನ್ನೊಂದು ಹಾಕಿಕೊಳ್ಳಿ ಭಾವ" ಎಂದು ನಗುತ್ತಾ ಹೋಳಿಗೆ ಬಡಿಸಿದಳು. ತಲೆ ಎತ್ತಿ ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ. ಅವಳು ನನ್ನ ಸಂಗಾತಿಯಲ್ಲ, ನನಗೆ ಯಾವ ಲೆಕ್ಕವನ್ನೂ ಒಪ್ಪಿಸಬೇಕಾದವಳಲ್ಲ. ಅವಳು ನಂಬಿ ಅಕ್ಕನ ಕಿವಿಯಲ್ಲಿ ಹೇಳಿದ್ದನ್ನು ನಾನು ಕದ್ದು ಕೇಳಿಸಿಕೊಂಡಿದ್ದೆ. ಗಂಡ ಹೆಂಡಿರ ನಡುವೆ ಗುಟ್ಟೇನು ಎಂದು ಕೇಳುತ್ತಾರೆ. ಫೋನಿನೊಳಗೆ ತಂಗಿ ಇದ್ದಾಳೆ, ಗಂಡನ ಹೊಡೆತ ತಿನ್ನುವ ಗೆಳತಿ ಇದ್ದಾಳೆ, ಟೀಚರ್ ಹತ್ತಿರ ಮಾತ್ರ ಕಷ್ಟ ಹೇಳಿಕೊಂಡ ಮಗುವಿನ ತಾಯಿ ಇದ್ದಾಳೆ. ಅವರ ಒಪ್ಪಿಗೆ ಯಾರು ಕೇಳಿದರು?

ನಮ್ಮ ಹೈಕೋರ್ಟ್ ಇದನ್ನು 2022ರಲ್ಲಿ ಹೇಳಿದೆ. ಬೆಂಗಳೂರಿನ ದಂಪತಿಯ ವಿಚ್ಛೇದನ ಪ್ರಕರಣದಲ್ಲಿ, ಹೆಂಡತಿಯ ಜೊತೆ ಸಂಬಂಧವಿದೆ ಎಂದು ಗಂಡ ಆರೋಪಿಸಿದ್ದ ವ್ಯಕ್ತಿಯ ಮೊಬೈಲ್ ಟವರ್ ವಿವರ ತರಿಸಲು ಕೌಟುಂಬಿಕ ನ್ಯಾಯಾಲಯ ಅವಕಾಶ ಕೊಟ್ಟಿತ್ತು. ಗಂಡ ಹೆಂಡಿರ ವ್ಯಾಜ್ಯದಲ್ಲಿ ಮೂರನೆಯವರ ಖಾಸಗಿತನ ಬಲಿಯಾಗಬಾರದು ಎಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಆ ಆದೇಶ ರದ್ದು ಮಾಡಿದರು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಹೇಳಿದ ಪ್ರಕರಣವನ್ನು ಹೂಡಿದವರೂ ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತಾಳಿ ಕಟ್ಟಿದ ಕೂಡಲೇ ಆ ಹಕ್ಕು ಕರಗಿಹೋಗುತ್ತದೆ ಎಂದು ಆ ತೀರ್ಪಿನಲ್ಲಿ ಎಲ್ಲೂ ಇಲ್ಲ. 2024ರಲ್ಲಿ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ, ಗಂಡ ಗುಟ್ಟಾಗಿ ಪಡೆದ ಹೆಂಡತಿಯ ಕರೆ ವಿವರಗಳನ್ನು ಸಾಕ್ಷಿಯಾಗಿ ಒಪ್ಪಲಿಲ್ಲ.

2025ರ ಸುಪ್ರೀಂ ಕೋರ್ಟ್ ತೀರ್ಪು ಇದಕ್ಕೆ ಬೇರೆ ದಾರಿ ಹಿಡಿದಿದೆ, ನಿಜ. ಆದರೆ ಅದು ನ್ಯಾಯಾಲಯದೊಳಗಿನ ಸಾಕ್ಷ್ಯದ ಮಾತು. ಒಬ್ಬರ ಮೇಲೊಬ್ಬರು ಬೇಹುಗಾರಿಕೆ ಮಾಡುವ ಹಂತಕ್ಕೆ ಬಂದಿದ್ದಾರೆ ಎಂದರೆ ಆ ಸಂಬಂಧ ಮೊದಲೇ ಮುರಿದಿದೆ ಎಂಬ ಅರ್ಥದ ಮಾತನ್ನೂ ಅದೇ ತೀರ್ಪು ಹೇಳಿದೆ. ಮುರಿದದ್ದರ ಪಂಚನಾಮೆಗೆ ಬೇಕಾದ ಕಾಗದವನ್ನು, ಇನ್ನೂ ಉಳಿಯಬಹುದಾದ ಮನೆಯೊಳಗೆ ಯಾಕೆ ತರಬೇಕು? ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಂಗಳೂ ಪುಸ್ತಕದಲ್ಲಿ ಹಾಗೆಯೇ ಇವೆ. ಅಪ್ರಾಮಾಣಿಕ ಉದ್ದೇಶದಿಂದ ಬೇರೆಯವರ ಸಾಧನದೊಳಗೆ ಕೈಹಾಕಿದರೆ ಮೂರು ವರ್ಷದವರೆಗೆ ಜೈಲಾಗಬಹುದು.

ದುಡ್ಡು, ಒಡವೆ, ಸಾಲದ ವಿಷಯದಲ್ಲಿ ಮೋಸ ಹೋದ ಹೆಂಗಸರ ಸಂಕಟ ನನಗೆ ಅರ್ಥವಾಗುತ್ತದೆ. ಅದನ್ನು ಕೇಳಲು ಬೇರೆ ದಾರಿ ಇದೆ. ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಲೇಬೇಕು ಎಂದು 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ನಿಧಾನದ ದಾರಿ, ಒಪ್ಪುತ್ತೇನೆ. ಆದರೆ "ಅನುಮಾನ ಬಂದರೆ ನೋಡಬಹುದು" ಎಂದು ಒಮ್ಮೆ ಒಪ್ಪಿಬಿಟ್ಟರೆ ಆ ಹಕ್ಕನ್ನು ಮೊದಲು ಚಲಾಯಿಸುವವರು ಯಾರು? 2019ರಿಂದ 21ರ ನಡುವೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ತಾವೇ ಬಳಸುವ ಮೊಬೈಲ್ ಇರುವ ಹೆಂಗಸರು ದೇಶದಲ್ಲಿ ನೂರಕ್ಕೆ 54 ಮಾತ್ರ. ಆ 54ರಲ್ಲೂ ಎಷ್ಟು ಜನರ ಫೋನ್ ಸಂಜೆ ಗಂಡನ ಕೈಗೆ ಹೋಗಿ ಬರುತ್ತದೋ. "ಕೊಡಿಲ್ಲಿ ಫೋನು" ಎಂಬ ಮಾತನ್ನು ನಾನು ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಕೇಳಿದ್ದೇನೆ. ಹೊಡೆತ ತಿನ್ನುವ ಹೆಣ್ಣಿಗೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಲು ಇರುವುದು ಅದೊಂದೇ ಸಾಧನ. ಕರೆಗಳ ಪಟ್ಟಿ ದಿನಾ ತಪಾಸಣೆಯಾಗುವ ಫೋನಿನಿಂದ ಅವಳು ಆ ನಂಬರ್ ಒತ್ತುತ್ತಾಳೆಯೇ?

ಹಬ್ಬ ಕಳೆದ ಮೇಲೆ ಹೆಂಡತಿಗೆ ನಿಜ ಹೇಳಿದೆ. ಅವಳು ಜಗಳ ಆಡಲಿಲ್ಲ. "ಕೇಳಿದ್ದರೆ ಅವಳದ್ದೊಂದು ಬಿಟ್ಟು ಎಲ್ಲ ಹೇಳುತ್ತಿದ್ದೆ" ಅಂದಳು. ನನ್ನೆದುರಿಗೇ ಫೋನಿನ ಲಾಕ್ ತೆಗೆದು ಟೀಪಾಯಿ ಮೇಲೆ ಇಟ್ಟಳು.

ಅವತ್ತಿನಿಂದ ಅದು ಅಲ್ಲೇ ಇರುತ್ತದೆ, ತೆರೆದುಕೊಂಡೇ. ರಾತ್ರಿ ಫೋನ್ ಬರುವುದಿಲ್ಲ. ತಿಂಗಳಿಗೊಮ್ಮೆ ನಾದಿನಿ ಬಸ್ಸು ಹತ್ತಿ ಬರುತ್ತಾಳೆ. ಅಕ್ಕ ತಂಗಿ ಇಬ್ಬರೂ ಒಂದೇ ಬಕೆಟ್ ಹಿಡಿದುಕೊಂಡು ಬಟ್ಟೆ ಒಣಹಾಕಲು ಮಹಡಿಗೆ ಹೋಗುತ್ತಾರೆ. ಹೋಗುವಾಗ ತಮ್ಮ ಫೋನುಗಳನ್ನು ಟೀಪಾಯಿ ಮೇಲೆ, ನನ್ನ ಮುಂದೆ, ಇಟ್ಟು ಹೋಗುತ್ತಾರೆ.