ಅಡುಗೆಮನೆಯ ದೀಪ ಮೀನಿನ ಪಾಲಾಯಿತು

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಳಕಿರುವ ಜಾಗ ಮೀನಿನ ತೊಟ್ಟಿ. ಎಲ್ಲಕ್ಕಿಂತ ಕತ್ತಲಿರುವ ಜಾಗ ಅಡುಗೆಮನೆಯ ಕಟ್ಟೆ. ಎರಡಕ್ಕೂ ಕಾರಣ ಒಬ್ಬರೇ ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ. ಹೆಸರು ಹೇಳುವುದಿಲ್ಲ, ಸೌಟಿನಲ್ಲಿ ತೋರಿಸುತ್ತಾಳೆ.

ತೊಟ್ಟಿ ಮನೆಗೆ ಬಂದದ್ದು ಮಗಳ ನೆಪದಲ್ಲಿ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರ. ಅಂಚಿನವರೆಗೆ ತುಂಬಿದರೆ ಸುಮಾರು 56 ಲೀಟರ್ ನೀರು. ಮಗಳು ಕೇಳಿದ್ದು ಗುಲಾಬಿ ಬಣ್ಣದ ಪ್ಲಾಸ್ಟಿಕ್ ಗಿಡ ಮತ್ತು ಬಾಯಿ ತೆರೆದು ಗುಳ್ಳೆ ಬಿಡುವ ಚಿಪ್ಪು. ನಾನಾದರೋ ಮೊಬೈಲಿನಲ್ಲಿ ಗಾಜಿನೊಳಗಿನ ಕಾಡೊಂದರ ಚಿತ್ರ ನೋಡಿ ತಲೆ ಕೆಡಿಸಿಕೊಂಡಿದ್ದೆ. ಮನೆಯ ಮೂಲೆಯಲ್ಲೊಂದು ಪುಟ್ಟ ಆಗುಂಬೆ ಎದ್ದು ನಿಲ್ಲುತ್ತದೆ ಎಂಬ ಭ್ರಮೆಯಲ್ಲಿ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ, ಕಬೊಂಬ ಎಂದು ಮೂರು ಕಟ್ಟು ಗಿಡ, ಹತ್ತು ಗಪ್ಪಿ ಮೀನು ತಂದೆ. ಅಮ್ಮ ಕನ್ನಡಕ ಏರಿಸಿಕೊಂಡು ಹೈಡ್ರಿಲ್ಲಾದ ಎಳೆಯೊಂದನ್ನು ಎತ್ತಿ ನೋಡಿದರು. "ಇದು ನಮ್ಮೂರ ಕೆರೆಯಲ್ಲಿ ಎಮ್ಮೆಯ ಕಾಲಿಗೆ ಸುತ್ತಿಕೊಳ್ಳುತ್ತಿದ್ದ ಜೊಂಡಲ್ಲವೇನೋ? ಇದಕ್ಕೂ ದುಡ್ಡು ಕೊಟ್ಟೆಯಾ?"

ಕೊಟ್ಟಿದ್ದೆ. ಎಷ್ಟು ಎಂದು ಮಾತ್ರ ಹೇಳಲಿಲ್ಲ.

ತೊಟ್ಟಿಯ ಮುಚ್ಚಳದಲ್ಲೇ ಒಂದು ದೀಪವಿತ್ತು. ನಾಲ್ಕು ವ್ಯಾಟ್‌ನದು, ಅರ್ಧ ಬಿಳಿ, ಅರ್ಧ ನೀಲಿ. ಆ ನೀಲಿಯಲ್ಲಿ ಗಪ್ಪಿಗಳು ಮದುವೆಮನೆಯ ಸೀರಿಯಲ್ ಸೆಟ್‌ನಂತೆ ಮಿನುಗುತ್ತಿದ್ದವು. ಗಿಡಗಳು ಮಾತ್ರ ಬಡಕಲಾದವು. ಹೈಡ್ರಿಲ್ಲಾ ಬೆಳಕು ಹುಡುಕಿಕೊಂಡು ಮೇಲಕ್ಕೆ ಎಳೆದುಕೊಂಡಿತು. ಗೆಣ್ಣಿನಿಂದ ಗೆಣ್ಣಿಗೆ ಗೇಣುದ್ದ ಎನ್ನುವಷ್ಟು ಅಂತರ, ಕೆಳಗಿನ ಎಲೆಗಳೆಲ್ಲ ಉದುರಿ ಬರೀ ಕಡ್ಡಿ. ಕಬೊಂಬ ಹದಿನೈದು ದಿನದಲ್ಲಿ ಫಿಲ್ಟರ್‌ನ ಹೊಟ್ಟೆ ಸೇರಿತು. ಮುಚ್ಚಳದ ದೀಪ ಮೀನು ನೋಡುವುದಕ್ಕೆ, ಗಿಡ ಸಾಕುವುದಕ್ಕಲ್ಲ ಎಂದು ಅಂಗಡಿಯವನು ಆಗ ಹೇಳಿದ. ಗಿಡ ಮಾರುವಾಗ ಹೇಳಬಹುದಿತ್ತು. ಗಿಡಕ್ಕೆಂದೇ ಮಾಡಿದ ಹೊರದೇಶದ ದೀಪವೊಂದನ್ನು ತೋರಿಸಿದ. ಅದರ ಬೆಲೆ ಕೇಳಿ ನಾನು ಪಕ್ಕದಲ್ಲಿದ್ದ ಆಮೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ಅಗ್ಗದ ದಾರಿ ಹುಡುಕುವ ನನ್ನ ಯಾತ್ರೆ ಅಲ್ಲಿಂದ ಶುರುವಾಯಿತು. ಗಿಡದ ಹರಿತ್ತು ಹೆಚ್ಚಾಗಿ ಹೀರುವುದು ಕೆಂಪು ಮತ್ತು ನೀಲಿ ಬೆಳಕನ್ನು ಎಂದು ಹೈಸ್ಕೂಲಿನಲ್ಲಿ ಓದಿದ್ದು ನೆನಪಿತ್ತು. ಹಾಗಿದ್ದ ಮೇಲೆ ಉಳಿದ ಬಣ್ಣಗಳಿಗೆ ಯಾಕೆ ದುಡ್ಡು? ಕುಂಡದ ಗಿಡಗಳಿಗೆಂದು ಮಾರುವ ಕೆಂಪು-ನೀಲಿ ದೀಪವೊಂದನ್ನು ಆನ್‌ಲೈನ್‌ನಲ್ಲಿ ತರಿಸಿ, ತೊಟ್ಟಿಯ ಮೇಲೆ ಕಟ್ಟಿ, ಸ್ವಿಚ್ ಹಾಕಿದೆ. ಇಡೀ ಹಾಲ್ ನೇರಳೆ ಹಣ್ಣು ತಿಂದ ನಾಲಿಗೆಯಂತಾಯಿತು. ಗಿಡಗಳ ಹಸಿರೇ ಕಾಣಿಸಲಿಲ್ಲ. ಕಾಣಿಸುವುದಾದರೂ ಹೇಗೆ? ಎಲೆ ನಮ್ಮ ಕಣ್ಣಿಗೆ ತಿರುಗಿಸಿ ಕಳಿಸುವುದು ಹಸಿರನ್ನು. ಆ ದೀಪದಲ್ಲಿ ಹಸಿರೇ ಇಲ್ಲ. ಬಿದ್ದ ಕೆಂಪು-ನೀಲಿಯನ್ನೆಲ್ಲ ಎಲೆ ನುಂಗಿ ಕಪ್ಪಗೆ ಕುಳಿತಿತ್ತು. ಹಸಿರು ನೋಡುವ ಆಸೆಯಿಂದ ಗಿಡ ನೆಟ್ಟವನು ಹಸಿರು ಕಾಣದ ದೀಪಕ್ಕೆ ದುಡ್ಡು ಸುರಿದಿದ್ದೆ.

ಇದರ ನಿಜವಾದ ಬಿಸಿ ತಟ್ಟಿದ್ದು ಆ ಭಾನುವಾರ. ಹಾಲ್‌ನ ಟ್ಯೂಬ್‌ಲೈಟ್ ಕೈಕೊಟ್ಟ ಸಂಜೆಯೇ ಹೆಂಡತಿಯ ಚಿಕ್ಕಪ್ಪ ಬಂದರು. ನನ್ನ ದೀಪದ ಬೆಳಕಿನಲ್ಲೇ ಅವರಿಗೆ ಇಡ್ಲಿ ಮತ್ತು ಕೊತ್ತಂಬರಿ ಚಟ್ನಿ ಬಡಿಸಲಾಯಿತು. ಇಡ್ಲಿ ನೇರಳೆ. ಚಟ್ನಿ, ಮೇಲೆ ವಿವರಿಸಿದ ವಿಜ್ಞಾನಕ್ಕೆ ಚ್ಯುತಿ ಬಾರದಂತೆ, ಕೀಲೆಣ್ಣೆಯ ಬಣ್ಣ. ಚಿಕ್ಕಪ್ಪ ತಟ್ಟೆಯನ್ನೂ ನನ್ನನ್ನೂ ಒಂದೆರಡು ಸಲ ನೋಡಿ, ಈಗಷ್ಟೇ ಊಟ ಮಾಡಿ ಬಂದೆ ಎಂದರು. ಆಗ ಸಂಜೆ ಆರೂವರೆ. ನಾನು ಹರಿತ್ತಿನ ಬಗ್ಗೆ ಹೇಳಲು ಬಾಯಿ ತೆರೆದೆ. "ರೀ, ಸುಮ್ಮನಿರಿ" ಎಂದಳು ಹೆಂಡತಿ. ಮರುದಿನ ಆ ದೀಪ ಅಟ್ಟ ಸೇರಿತು.

ಮೂರನೆಯ ಸಲ ಭಾವನೆಗಳನ್ನು ಬದಿಗಿಟ್ಟು ಗಣಿತಕ್ಕೆ ಶರಣಾದೆ. ಒಂದು ಗ್ಯಾಲನ್ ನೀರಿಗೆ ಎರಡು ವ್ಯಾಟ್ ಎಂಬ ಸೂತ್ರವೊಂದು ಸಿಕ್ಕಿತು. 56 ಲೀಟರ್ ಎಂದರೆ ಸುಮಾರು 15 ಗ್ಯಾಲನ್. ಹಾಗಾಗಿ 30 ವ್ಯಾಟ್. ಲೆಕ್ಕ ಇಷ್ಟು ಚೊಕ್ಕವಾಗಿ ಬಂದಾಗಲೇ ಅನುಮಾನ ಪಡಬೇಕಿತ್ತು. ಬೆಂಗಳೂರಿನ ಎಲೆಕ್ಟ್ರಿಕ್ ಸಾಮಾನಿನ ಪೇಟೆಯಾದ ಎಸ್.ಜೆ.ಪಿ. ರಸ್ತೆಗೆ ಹೋಗಿ, ಕಾರ್ಖಾನೆಯ ಗೇಟಿಗೆ ಹಾಕುವಂಥ 30 ವ್ಯಾಟ್‌ನ ಎಲ್ಇಡಿ ಫ್ಲಡ್‌ಲೈಟ್ ತಂದೆ. ನೀರು ಸಿಡಿದರೂ ಕೆಡುವುದಿಲ್ಲ, ಬೆಲೆಯೂ ಕಡಿಮೆ. ಸ್ವಿಚ್ ಹಾಕಿದಾಗ ಗಪ್ಪಿಗಳೆಲ್ಲ ಒಟ್ಟಾಗಿ ಫಿಲ್ಟರ್‌ನ ಹಿಂದೆ ಅವಿತುಕೊಂಡವು, ಲಾರಿಯ ಹೆಡ್‌ಲೈಟ್‌ಗೆ ಸಿಕ್ಕ ಮೊಲದ ಹಾಗೆ.

ಆಮೇಲೆ ತಿಳಿದದ್ದು: ಆ ಸೂತ್ರ ಹಳೆಯ ಟ್ಯೂಬ್‌ಲೈಟ್ ಕಾಲದ್ದು. ವ್ಯಾಟ್ ಎನ್ನುವುದು ದೀಪ ಎಷ್ಟು ಕರೆಂಟು ತಿನ್ನುತ್ತದೆ ಎಂಬುದರ ಲೆಕ್ಕ, ಎಷ್ಟು ಬೆಳಕು ಕೊಡುತ್ತದೆ ಎಂಬುದರದ್ದಲ್ಲ. ತಿನ್ನುವುದಕ್ಕೂ ದುಡಿಯುವುದಕ್ಕೂ ಸಂಬಂಧವಿಲ್ಲ ಎಂದು ನಮ್ಮ ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ನೋಡುತ್ತಿರುವ ನನಗೆ ಇದು ಹೊಳೆಯಬೇಕಿತ್ತು. ಬೆಳಕನ್ನು ಅಳೆಯುವುದು ಲ್ಯೂಮೆನ್‌ನಲ್ಲಿ. ಈಗಿನ ಎಲ್ಇಡಿ ಒಂದು ವ್ಯಾಟ್‌ಗೆ ಹತ್ತಿರ ಹತ್ತಿರ 100 ಲ್ಯೂಮೆನ್ ಕೊಡುತ್ತದೆ. ನನ್ನ ಫ್ಲಡ್‌ಲೈಟ್‌ನದು 3000 ಲ್ಯೂಮೆನ್, ಅಂದರೆ ಲೀಟರಿಗೆ 50ರ ಮೇಲೆ. ಸಾಧಾರಣ ಗಿಡಗಳಿಗೆ ಲೀಟರಿಗೆ 20ರ ಆಸುಪಾಸು ಸಾಕು. ಅಷ್ಟು ಪ್ರಖರ ಬೆಳಕನ್ನು ಅರಗಿಸಿಕೊಳ್ಳಬೇಕಾದರೆ ಗಿಡಗಳಿಗೆ ಸಿಲಿಂಡರಿನಿಂದ ಕಾರ್ಬನ್ ಡೈ ಆಕ್ಸೈಡ್ ಕೊಡಬೇಕು, ಗೊಬ್ಬರ ಹಾಕಬೇಕು. ಇಲ್ಲದಿದ್ದರೆ ಗಿಡ ಉಣ್ಣಲಾರದೆ ಬಿಟ್ಟ ಎಲೆಗೆ ಪಾಚಿ ಬಂದು ಕೂರುತ್ತದೆ.

ಬಂದು ಕೂತಿತು. ಮೊದಲು ಗಾಜಿನ ಮೇಲೆ ಹಸಿರು ಚುಕ್ಕೆ, ಆಮೇಲೆ ವ್ಯಾಲಿಸ್ನೇರಿಯಾದ ಮೇಲೆ ಕೂದಲು, ಎರಡನೆಯ ವಾರಕ್ಕೆ ನೀರೇ ಹಸಿರು. ಮೀನು ಗಾಜಿಗೆ ಮೂತಿ ಒತ್ತಿದಾಗ ಮಾತ್ರ ಕಾಣುತ್ತಿತ್ತು. ಮಗಳು ಮೀನು ಎಣಿಸುವುದನ್ನು ಬಿಟ್ಟಳು. ಅಮ್ಮ ಮಾತ್ರ ಮೊದಲ ಬಾರಿಗೆ ತೊಟ್ಟಿಯನ್ನು ಅಕ್ಕರೆಯಿಂದ ನೋಡಿದರು. "ನಮ್ಮೂರ ದೇವಸ್ಥಾನದ ಕಲ್ಯಾಣಿ ಥೇಟ್ ಹೀಗೇ ಇತ್ತು. ಅದಕ್ಕೆ ಯಾರೂ ದೀಪ ಹಾಕಿರಲಿಲ್ಲ."

ಫ್ಲಡ್‌ಲೈಟ್ ಕಳಚಿ, ತೊಟ್ಟಿಗೆ ದಪ್ಪ ಬೆಡ್‌ಶೀಟ್ ಹೊದಿಸಿ ನಾಲ್ಕು ದಿನ ಕತ್ತಲಲ್ಲಿಟ್ಟು, ಅರ್ಧ ನೀರು ಬದಲಾಯಿಸಿದ ಮೇಲೆ ಮೀನುಗಳು ಮತ್ತೆ ಕಂಡವು. ಲೆಕ್ಕಕ್ಕೆ ಒಂಬತ್ತು. ಅಳಿದುಳಿದ ವ್ಯಾಲಿಸ್ನೇರಿಯಾದ ಜೊತೆಗೆ ಈ ಸಲ ಅನುಬಿಯಾಸ್ ಮತ್ತು ಜಾವಾ ಫರ್ನ್ ತಂದು ಮರದ ಬೊಡ್ಡೆಗೆ ದಾರದಲ್ಲಿ ಕಟ್ಟಿದೆ. ನೆರಳಿಗೆ ಒಗ್ಗಿದ, ನಿಧಾನಕ್ಕೆ ಬೆಳೆಯುವ, ನನ್ನಂಥವನ ಕೈಯಲ್ಲೂ ಬದುಕುವ ಗಿಡಗಳು ಇವು. ಹೊಸ ದೀಪ ಕೊಳ್ಳುವ ಮಾತೆತ್ತುವ ಧೈರ್ಯವಿರಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಅಡುಗೆಮನೆಯ ಕಟ್ಟೆಯ ಮೇಲಿದ್ದ ಎರಡಡಿಯ ಎಲ್ಇಡಿ ಬ್ಯಾಟನ್, ಅಂದರೆ ಪಟ್ಟಿಯಂಥ ದೀಪ. ಉದ್ದ ತೊಟ್ಟಿಗೆ ಅಳತೆ ಕೊಟ್ಟು ಮಾಡಿಸಿದಂತಿತ್ತು. 10 ವ್ಯಾಟ್, 1000 ಲ್ಯೂಮೆನ್. ಭಾಗಿಸಿದರೆ ಲೀಟರಿಗೆ 18. ಬೆಳಕಿನ ಬಣ್ಣ 6500 ಕೆಲ್ವಿನ್, ಹಗಲಿನ ಬೆಳಕಿನಂಥ ಬಿಳಿ. ಆ ಬಿಳಿಯಲ್ಲಿ ಗಿಡಕ್ಕೆ ಬೇಕಾದ ಕೆಂಪು, ನೀಲಿ ಎರಡೂ ಇವೆ, ನಮ್ಮ ಕಣ್ಣಿಗೆ ಬೇಕಾದ ಹಸಿರೂ ಇದೆ. ಮೂರು ತಿಂಗಳು ಊರೆಲ್ಲ ಅಲೆದು ಹುಡುಕಿದ್ದು ಸಾಂಬಾರಿನ ಪಾತ್ರೆಯ ಮೇಲೆ ನೇತಾಡುತ್ತಿತ್ತು.

ಹೆಂಡತಿ ತವರಿಗೆ ಹೋದ ಎರಡು ದಿನದಲ್ಲಿ ಸ್ಥಳಾಂತರ ನಡೆಯಿತು. ಎಲೆಕ್ಟ್ರಿಷಿಯನ್ ಬಂದು, ವೈರು ಸಾಕೆಟ್‌ಗಿಂತ ಕೆಳಗೆ ಒಂದು ಸುತ್ತು ಜೋತು ಆಮೇಲೆ ಮೇಲಕ್ಕೆ ಹೋಗುವಂತೆ ಮಾಡಿದ. ತೊಟ್ಟಿಯ ನೀರು ವೈರಿನ ಗುಂಟ ಜಾರಿದರೂ ತಗ್ಗಿನಲ್ಲೇ ತೊಟ್ಟಿಕ್ಕಬೇಕಂತೆ, ಸಾಕೆಟ್‌ನೊಳಗೆ ಹೋಗಬಾರದಂತೆ. ಇಡೀ ಪ್ರಕರಣದಲ್ಲಿ ದುಡ್ಡು ಪಡೆದು ಉಪಯುಕ್ತ ಮಾತು ಹೇಳಿದವನು ಅವನೊಬ್ಬನೇ. ತವರಿನಿಂದ ಬಂದವಳು ಕತ್ತಲ ಕಟ್ಟೆಯನ್ನು ನೋಡಿ ಏನೂ ಅನ್ನಲಿಲ್ಲ. ರಾತ್ರಿ ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಕಣ್ಣು ಕಾಣಿಸಲಿಲ್ಲ ಎಂದಳು.

ಬೆಳಕು ಅಗ್ಗವಾಗಿ ಸಿಕ್ಕಿತು ಎಂದು ಬೀಗುವಷ್ಟರಲ್ಲಿ ಕತ್ತಲೆಗೆ ದುಡ್ಡು ತೆರಬೇಕಾಯಿತು. ಗಿಡಕ್ಕೆ ದಿನಕ್ಕೆ ಎಂಟು ಗಂಟೆ ಬೆಳಕು ಧಾರಾಳ. ಅದಕ್ಕಿಂತ ಹೆಚ್ಚಿಗೆ ಉರಿಸಿದ್ದು ಪಾಚಿಯ ಖಾತೆಗೆ ಜಮೆ. ನೆನಪಿಟ್ಟು ಆರಿಸುವವರು ನಮ್ಮಲ್ಲಿ ಯಾರೂ ಇಲ್ಲವಾದ್ದರಿಂದ ಪ್ಲಗ್‌ಗೆ ಸಿಕ್ಕಿಸುವ ಟೈಮರ್ ತಂದೆ. ಸುತ್ತಲೂ 96 ಪುಟ್ಟ ಹಲ್ಲುಗಳು, ಒಂದೊಂದಕ್ಕೆ ಕಾಲು ಗಂಟೆ. ಒತ್ತಿದಷ್ಟು ಹೊತ್ತು ದೀಪ. ಬೆಳಿಗ್ಗೆ ನಾಲ್ಕು ಗಂಟೆ, ಸಂಜೆ ಐದರಿಂದ ಒಂಬತ್ತರವರೆಗೆ ನಾಲ್ಕು ಗಂಟೆ, ನಡುವೆ ಬಿಡುವು ಎಂದು ಒತ್ತಿದೆ. "ಗಿಡಕ್ಕೂ ಮಧ್ಯಾಹ್ನದ ನಿದ್ದೆಯೇ?" ಎಂದರು ಅಮ್ಮ, ಸ್ವಲ್ಪ ಮೆಚ್ಚುಗೆಯಿಂದಲೇ.

ಆದರೆ ಈ ಟೈಮರ್ ಕರೆಂಟು ಹೋದರೆ ತಾನೂ ನಿಂತುಬಿಡುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ ಒಂದು ದಿನ ಅರ್ಧ ಗಂಟೆ, ಇನ್ನೊಂದು ದಿನ ಒಂದು ಗಂಟೆ ಹಿಂದೆ ಬಿದ್ದು, ತಿಂಗಳು ಕಳೆಯುವಷ್ಟರಲ್ಲಿ ನಮ್ಮ ಮೀನುಗಳು ಯಾವುದೋ ಅರಬ್ ದೇಶದ ಸಮಯಕ್ಕೆ ಏಳತೊಡಗಿದ್ದವು. ಈಗ ಪ್ರತಿ ಭಾನುವಾರ ಎಣ್ಣೆಸ್ನಾನಕ್ಕೆ ಮುಂಚೆ ಟೈಮರ್ ತಿರುಗಿಸಿ ಸರಿಪಡಿಸುತ್ತೇನೆ.

ಗಿಡಗಳು ಚೆನ್ನಾಗಿವೆ. ಜಾವಾ ಫರ್ನ್‌ನ ಎಲೆಯ ಬೆನ್ನಿನಲ್ಲಿ ಮರಿಗಿಡಗಳು ಮೂಡಿವೆ. ಹಾಲ್‌ನ ಟ್ಯೂಬ್‌ಲೈಟ್‌ಗಿಂತ ಇದೇ ಹಿತ ಎಂದು ಅಮ್ಮ ತಮ್ಮ ಕುರ್ಚಿಯನ್ನು ತೊಟ್ಟಿಯ ಪಕ್ಕಕ್ಕೆ ಎಳೆದುಕೊಂಡಿದ್ದಾರೆ. ಅಕ್ಕಿಯಲ್ಲಿ ಕಲ್ಲು ಆರಿಸುವುದು, ಪಂಚಾಂಗ ನೋಡುವುದು, ಹೂ ಕಟ್ಟುವುದು ಎಲ್ಲ ಅಲ್ಲೇ. ಒಂಬತ್ತಕ್ಕೆ ದೀಪ ಆರಿದಾಗ ಅರ್ಧ ಕಟ್ಟಿದ ಮಾಲೆ ಹಿಡಿದು ನನ್ನ ಕಡೆ ಒಂದು ನೋಟ ಬೀರುತ್ತಿದ್ದರು. ಎರಡು ವಾರದಿಂದ ಆ ನೋಟ ಬರುತ್ತಿಲ್ಲ.

ನಿನ್ನೆ ಅನುಬಿಯಾಸ್‌ನ ಎಲೆಗಳ ಮೇಲೆ ಮತ್ತೆ ಹಸಿರು ಚುಕ್ಕೆ ಕಂಡು ಟೈಮರ್ ಬಿಚ್ಚಿ ನೋಡಿದೆ. ನಾಲ್ಕು ಹಲ್ಲು ಹೆಚ್ಚಿಗೆ ಒತ್ತಿದ್ದವು. ಅಮ್ಮ ತಲೆಯೆತ್ತಲಿಲ್ಲ, ದಾರದ ಗಂಟು ಬಿಗಿಮಾಡುತ್ತ, "ಸೇವಂತಿಗೆ ಅಗ್ಗವಾಗಿದೆ ಕಣೋ, ಕಾರ್ತಿಕ ಮುಗಿಯುವ ತನಕ ಹಾಗೇ ಇರಲಿ" ಎಂದರು.