ಕೋಡ್ ನೋಡಿದ ತಕ್ಷಣ ಸೆನ್ಸರ್ ಬದಲಿಸುವುದೇ ರಿಪೇರಿನಾ?

ಕಾರಿನ ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಜಾರದಂತೆ ತಡೆಯುವ ವ್ಯವಸ್ಥೆ) ಲೈಟ್ ಮತ್ತೆ ಹತ್ತಿಕೊಂಡಿದೆ, ಸಿಟ್ಟು ತಡೆಯೋಕೆ ಆಗ್ತಿಲ್ಲ. ಹೋದ ಸಲ ಗ್ಯಾರೇಜಿನವರು ಸ್ಕ್ಯಾನರ್ ಹಾಕಿದರು, ಹಿಂದಿನ ಎಡ ಚಕ್ರದ ಸ್ಪೀಡ್ ಸೆನ್ಸರ್ ಅಂತ ದೋಷದ ಕೋಡ್ ಬಂತು, ಹೊಸದು ಹಾಕಿ ಬಿಲ್ ಕೊಟ್ಟರು. ಆದರೆ ಕೋಡ್ ಹೇಳುವುದು ಆ ಚಕ್ರದ ಸಿಗ್ನಲ್ ಸರಿಯಿಲ್ಲ ಅಂತ ಮಾತ್ರ, ಸೆನ್ಸರೇ ಕೆಟ್ಟಿದೆ ಅಂತ ಅಲ್ಲ! ವೈರ್ ಒಳಗೇ ತುಂಡಾಗಿರಬಹುದು, ಕನೆಕ್ಟರ್‌ಗೆ ನೀರು ಹೋಗಿ ಕಿಲುಬು ಹಿಡಿದಿರಬಹುದು, ಟೋನ್ ರಿಂಗ್ (ಚಕ್ರದ ಜೊತೆ ತಿರುಗುವ, ಸೆನ್ಸರ್ ವೇಗ ಓದುವ ಬಳೆ) ಬಿರುಕು ಬಿಟ್ಟಿರಬಹುದು, ವೀಲ್ ಬೇರಿಂಗ್ ಸಡಿಲವಾದರೂ ಹೀಗಾಗುತ್ತದೆ. ಕಾರು ಓಡಿಸುತ್ತಾ ನಾಲ್ಕೂ ಚಕ್ರಗಳ ವೇಗವನ್ನು ಸ್ಕ್ಯಾನರ್‌ನಲ್ಲಿ ಹೋಲಿಸಿ, ಆಮೇಲೆ ಮಲ್ಟಿಮೀಟರ್ ಹಿಡಿದು ವೈರ್ ಅಲ್ಲಾಡಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು ಅಲ್ವಾ? ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೂಡ ಇದೇ ಸೆನ್ಸರ್‌ಗಳನ್ನು ನಂಬಿಕೊಂಡಿದೆ. ಒದ್ದೆ ರಸ್ತೆಯಲ್ಲಿ ಜೀವ ಉಳಿಸುವ ವ್ಯವಸ್ಥೆ ಇದು. ಸುಮ್ನೆ ಕೋಡ್ ಅಳಿಸಿ ಕಳಿಸಬೇಡಿ, ಮೊದಲು ಪರೀಕ್ಷೆ ಮಾಡಿ, ಆಮೇಲೆ ಪಾರ್ಟ್ ಬದಲಿಸಿ.